ಅಪ್ಪನ ಕಣ್ಣು, ತುಂಗೆಯ ದೀಪ ಮತ್ತು ಜಿಪಿಎಸ್ಸು

ಬ್ಲಾಗಿಗೆ ಧೂಳು ಹಿಡಿದು ಎಷ್ಟು ತಿಂಗಳಾಯ್ತೋ! ಬೈಕೋಬೇಡಿ, ಆಫೀಸಿನ ಕೆಲಸ, ಜೊತೆಗೆ ಹುಟ್ಟು ಸೋಮಾರಿತನ. ಇವತ್ತು ಬರೀಲೇಬೇಕು ಅನ್ನಿಸಿದ್ದು ಅಪ್ಪನಿಂದ.

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫರ್ನೇಸ್ ಮುಂದೆ ನಿಂತು ದುಡಿದವರು. 1923ರಲ್ಲಿ ಉತ್ಪಾದನೆ ಶುರುಮಾಡಿದ ಆ ಕಾರ್ಖಾನೆಯಲ್ಲೇ ತಾತನೂ ಇದ್ದರು. ನೀಲಿ ಗಾಜು ಅಡ್ಡ ಹಿಡಿದು, ಕರಗಿದ ಲೋಹದ ಬಣ್ಣ ನೋಡಿ, ಕಾವು ಎಷ್ಟಿದೆ ಅಂತ ಅಪ್ಪ ಹೇಳಿಬಿಡ್ತಿದ್ದರಂತೆ. ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ, ಊಟಕ್ಕೆ ಕೂತಿದ್ದ ಹೊತ್ತಲ್ಲಿ, "ಅದಕ್ಕೆಲ್ಲ ಪೈರೋಮೀಟರ್ ಇರತ್ತೆ ಅಪ್ಪಾ, ಕಣ್ಣಂದಾಜೆಲ್ಲ ಹಳೇ ಕಾಲದ್ದು" ಅಂದುಬಿಟ್ಟೆ. ಅವರು ಏನೂ ಅನ್ನಲಿಲ್ಲ. ಮಜ್ಜಿಗೆ ಅನ್ನ ಮುಗಿಸಿ ಎದ್ದರು. ಆಮೇಲೆ ನನ್ನ ಹತ್ರ ಕಾರ್ಖಾನೆ ವಿಷಯ ಎತ್ತಲೇ ಇಲ್ಲ.

ಈಗ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಹೋದ ತಿಂಗಳು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಆಪರೇಷನ್ನಿಗೆ ದಿನ ಗೊತ್ತಾಯ್ತು. ವಾಪಸ್ ಬಸ್ ಹತ್ತೋ ಮುಂಚೆ ತುಂಗಾ ಸೇತುವೆ ಹತ್ರ ಸ್ವಲ್ಪ ಹೊತ್ತು ನಿಂತೆವು. ಆಗಷ್ಟೇ ಬೀದಿದೀಪ ಹತ್ತಿಕೊಂಡಿದ್ದವು.

ಸುಮ್ಮನೆ ನಿಲ್ಲೋಕೆ ನನಗೆ ಬರಲ್ವಲ್ಲ, ಓದುತ್ತಿದ್ದ ವಿಷಯ ಶುರು ಮಾಡಿದೆ. "ಅಪ್ಪಾ, ಸಮುದ್ರದ ಅಲೆಗಳನ್ನ ಈಗ ಜಿಪಿಎಸ್ ಸಿಗ್ನಲ್ಲಿಂದ ಅಳೀತಾರಂತೆ." ಮೊಬೈಲಿಗೆ ದಾರಿ ತೋರಿಸೋ ಅದೇ ಸಿಗ್ನಲ್ ಸ್ವಾಮಿ! ಸುಮಾರು 20,200 ಕಿ.ಮೀ. ಎತ್ತರದಿಂದ ಬಂದದ್ದು ನಮ್ಮ ಫೋನಿಗಷ್ಟೇ ಅಲ್ಲ, ಸಮುದ್ರದ ಮೇಲೂ ಬಿದ್ದು ಮೇಲಕ್ಕೆ ಪುಟಿಯುತ್ತೆ. ಹಾಗೆ ವ್ಯರ್ಥವಾಗಿ ಹೋಗೋದನ್ನ ಹಿಡಿದು ಉಪಯೋಗಿಸಬಹುದು ಅಂತ 1993ರಲ್ಲೇ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಮಾರ್ಟಿನ್ ನೈರಾ ಹೇಳಿದ್ದರು. ನಾಸಾ 2016ರ ಡಿಸೆಂಬರಿನಲ್ಲಿ ಇದಕ್ಕಾಗೇ ಎಂಟು ಪುಟ್ಟ ಉಪಗ್ರಹಗಳನ್ನ ಹಾರಿಸಿತು, ಹೆಸರು ಸಿಗ್ನಸ್. ನಮ್ಮವರೇನು ಕಮ್ಮಿ? 2024ರ ಆಗಸ್ಟ್ 16ರಂದು ಎಸ್‌ಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಹೋದ 175.5 ಕಿಲೋ ತೂಕದ ಇಓಎಸ್-08ರಲ್ಲೂ ಇಂಥದ್ದೊಂದು ಉಪಕರಣ ಇತ್ತು. ಆ ಉಪಗ್ರಹ ತಯಾರಾಗಿದ್ದು ಬೆಂಗಳೂರಿನ ಯು.ಆರ್. ರಾವ್ ಕೇಂದ್ರದಲ್ಲಿ.

ಮಾಮೂಲಿ ರೇಡಾರ್ ತಾನೇ ಸಿಗ್ನಲ್ ಕಳಿಸಿ ತಾನೇ ಹಿಡಿಯುತ್ತೆ. 2013ರಲ್ಲಿ ಇಸ್ರೋ ಹಾರಿಸಿದ ಸರಳ್ ಉಪಗ್ರಹ ಅಲೆಯ ಎತ್ತರ ಅಳೆದದ್ದು ಹಾಗೇ. ಇಲ್ಲಿ ಕಳಿಸೋ ಖರ್ಚೇ ಇಲ್ಲ, ಬರೀ ಕೇಳಿಸಿಕೊಳ್ಳೋ ಕೆಲಸ. ಸಿಗ್ನಲ್ಲಿನ ತರಂಗಾಂತರ ಸುಮಾರು 19 ಸೆಂ.ಮೀ. ಇರೋದರಿಂದ ಜೋರು ಮಳೆಯಲ್ಲೂ ತೂರಿಕೊಂಡು ಬರುತ್ತೆ. ಚಂಡಮಾರುತದ ಹೊಟ್ಟೆಯೊಳಗೆ ಇಣುಕೋಕೆ ಅದಕ್ಕಿಂತ ಇನ್ನೇನು ಬೇಕು?

"ಪುಟಿದು ಬಂದದ್ದು ನೋಡಿದ್ರೆ ಅಲೆ ಹೆಂಗೋ ಗೊತ್ತಾಗತ್ತೆ?" ಅಂದರು ಅಪ್ಪ.

ಉತ್ತರಕ್ಕೆ ನಾನು ತಡಕಾಡುತ್ತಿದ್ದಾಗ ಅವರೇ ನದಿ ಕಡೆ ಕೈ ತೋರಿಸಿದರು.

"ಕಂಬದ ಮೇಲಿನ ದೀಪ ನಂಗೆ ಹರಡಿಕೊಂಡೇ ಕಾಣ್ತದೆ, ಕಣ್ಣು ಹಿಂಗಾಗಿದೆಯಲ್ಲ. ಆದ್ರೆ ನೀರಲ್ಲಿರೋದು ಅದಕ್ಕಿಂತ ಜಾಸ್ತಿ ಹರಡಿದೆ ನೋಡು, ಉದ್ದಕ್ಕೆ. ಅಂದ್ರೆ ನೀರಿನ ಮೇಲೆ ಗಾಳಿ ಇದೆ."

ನಾನು ನೋಡಿದೆ. ನಿಜವಾಗಲೂ ಬೆಳಕು ಉದ್ದನೆ ಪಟ್ಟಿಯಾಗಿ ನಡುಗುತ್ತಿತ್ತು.

ಸ್ನೇಹಿತರೇ, ಇದೇ ಆ ವಿದ್ಯೆ! ನೀರು ಶಾಂತವಾಗಿದ್ದರೆ ಪ್ರತಿಫಲನ ಒಂದು ಚುಕ್ಕಿಯ ಹಾಗೆ ಗಟ್ಟಿಯಾಗಿರುತ್ತೆ. ಗಾಳಿಗೆ ಮೇಲ್ಮೈ ಒರಟಾದಷ್ಟೂ ಅದು ಅಗಲಕ್ಕೆ ಚದುರಿ ಮಂಕಾಗುತ್ತೆ. ಚದುರಿದ್ದು ಬೇರೆ ಬೇರೆ ದೂರ ಸುತ್ತಿ, ಒಂದಿಷ್ಟು ಬೇಗ ಒಂದಿಷ್ಟು ತಡವಾಗಿ ಬಂದು ಸೇರುತ್ತೆ. ಆ ಹರಡುವಿಕೆಯಿಂದ ಮೊದಲು ಒರಟುತನ, ಅದರಿಂದ ಗಾಳಿಯ ವೇಗ ಲೆಕ್ಕ ಹಾಕ್ತಾರೆ. ಅಲೆಯ ಎತ್ತರದ ಅಂದಾಜು ಇನ್ನೂ ಕಷ್ಟದ ಲೆಕ್ಕ. ಮೇಲಿಂದ ನೇರವಾಗಿ ಬರೋ ಸಿಗ್ನಲ್ಲನ್ನೂ ಉಪಗ್ರಹ ಹಿಡಿದಿಟ್ಟುಕೊಳ್ಳುತ್ತೆ, ಪುಟಿದದ್ದನ್ನ ಹೋಲಿಸಿ ನೋಡೋಕೆ. ಅಪ್ಪ ಕಂಬದ ದೀಪ ನೋಡಿದ್ದೂ ಅದಕ್ಕೇ. ತನ್ನ ಕಣ್ಣಿನ ದೋಷ ಎಷ್ಟು ಅಂತ ಮೊದಲು ಅಳೆದು, ಅದನ್ನ ಕಳೆದು, ಆಮೇಲೆ ನೀರಿನ ಮಾತು ಆಡಿದ್ದರು.

ನನಗೆ ಆ ಊಟದ ಹೊತ್ತು ನೆನಪಾಯ್ತು. ಗಂಟಲು ಕಟ್ಟಿತು. ಕ್ಷಮಿಸಿ ಅನ್ನೋಕೆ ನಮ್ಮ ಮನೇಲಿ ಯಾರಿಗೂ ಅಭ್ಯಾಸ ಇಲ್ಲ. "ಅಪ್ಪಾ, ಫರ್ನೇಸಿನ ಕಾವು ಹೆಂಗೆ ಹೇಳ್ತಿದ್ರಿ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಮಾತಿಲ್ಲ. ಬಸ್ ಹೊರಟ ಮೇಲೆ ಶುರು ಮಾಡಿದರು. ಬಿಸಿಲಿನ ದಿನ, ಮೋಡದ ದಿನ, ರಾತ್ರಿ ಪಾಳಿ, ಒಂದೇ ಕಾವು ಒಂದೊಂದು ಥರ ಕಾಣುತ್ತಂತೆ. ಅದಕ್ಕೆ ಮೊದಲು ಕಣ್ಣನ್ನ ಹದ ಮಾಡ್ಕೋಬೇಕಂತೆ. "ಪೈರೋಮೀಟರ್ ಇತ್ತು ಕಣೋ. ಅದು ಹೇಳಿದ್ದು ಸರಿ ಇದೆಯಾ ಅಂತ ನೋಡೋಕೂ ಒಬ್ಬ ಬೇಕಲ್ಲ" ಅಂದರು. ಭದ್ರಾವತಿ ಬಂದದ್ದೇ ಗೊತ್ತಾಗಲಿಲ್ಲ.

ಮುಂದಿನ ವಾರ ಆಪರೇಷನ್. ಪಟ್ಟಿ ಬಿಚ್ಚಿದ ಮೇಲೆ ಅದೇ ಸೇತುವೆಗೆ ಕರೆದುಕೊಂಡು ಹೋಗಬೇಕಂತೆ, ಕಂಬದ ದೀಪ ಎಷ್ಟು ಚಿಕ್ಕದಾಯ್ತು ಅಂತ ನೋಡಬೇಕಂತೆ. ನಾನೊಂದು ನೋಟ್‌ಬುಕ್ ಕೊಂಡಿಟ್ಟಿದ್ದೀನಿ. ಈ ಸಲ ಕೂತು ಬರಕೊಳ್ತೀನಿ.

ನಿಮ್ಮನೇಲೂ ಇಂಥ ಕಣ್ಣಂದಾಜಿನ ಯಾರಾದ್ರೂ ಇದ್ದಾರಾ? ಕೇಳಿ ನೋಡಿ. ನನ್ನ ಹಾಗೆ ತಡ ಮಾಡಬೇಡಿ.