ಮಳೆಗಾಲದ ಧಾರವಾಡ ಮತ್ತು ಹೋಗಲಾಗದ ಒಂದು ಪಯಣ

ಧಾರವಾಡವನ್ನು ಮಲೆನಾಡಿನ ಸೆರಗೆಂದು ಕೆಲವರೂ ಬಯಲುಸೀಮೆಯ ಹೊಸ್ತಿಲೆಂದು ಕೆಲವರೂ ಕರೆಯುವುದುಂಟು. ಎರಡೂ ಮಾತು ಸತ್ಯವೇ. ಊರಿನಿಂದ ಪಶ್ಚಿಮಕ್ಕೆ ಸಾಗಿದರೆ ಕೆಂಪು ನೆಲ, ಭತ್ತದ ಗದ್ದೆ, ಮಾವಿನ ತೋಪು. ಇನ್ನೂ ಮುಂದೆ ಹೋದರೆ ಹಳಿಯಾಳ, ದಾಂಡೇಲಿಗಳ ಕಾಡು. ಪೂರ್ವಕ್ಕೆ ಹೊರಳಿದರೆ ನವಲಗುಂದದ ಎರೆಯ ನೆಲ, ಹತ್ತಿ, ಜೋಳ, ಕಡಲೆ. ಕಣ್ಣು ಹಾಯುವವರೆಗೂ ಮರವಿಲ್ಲದ ಬಯಲು. ಆ ಕಡೆಯ ಕಾಡಿನಲ್ಲಿ ವಾರಗಟ್ಟಲೆ ಬಿಡದೆ ಸುರಿಯುವ ಮಳೆ ಈ ಕಡೆಯ ಎರೆಯಲ್ಲಿ ಒಂದು ಹದಕ್ಕಾಗಿ ರೈತನನ್ನು ಕಾಯಿಸುತ್ತದೆ. ಈ ಎರಡು ಹವೆಗಳ ನಡುವೆ, ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿನ ದಿಬ್ಬದ ಮೇಲೆ ಕುಳಿತಿರುವ ಊರಿಗೆ ತನ್ನದೇ ಆದ ನಿಶ್ಚಿತ ಹವೆಯೆಂಬುದು ಇರುವುದಾದರೂ ಹೇಗೆ? ಬೆಳಿಗ್ಗೆ ಬಿಸಿಲು, ಹನ್ನೊಂದಕ್ಕೆ ಮೋಡ, ಮಧ್ಯಾಹ್ನಕ್ಕೆ ಜಿಟಿಜಿಟಿ ಮಳೆ, ಸಂಜೆಗೆ ಹೊದಿಕೆ ಬೇಡುವ ಥಂಡಿ ಗಾಳಿ. ನಮ್ಮ ಮೊಮ್ಮಗನು ಮೊಬೈಲಿನಲ್ಲಿ ಸೂರ್ಯನ ಚಿತ್ರ ತೋರಿಸಿ, ಇಂದು ಮಳೆಯಿಲ್ಲವೆಂದು ಸಾರುತ್ತಾನೆ. ಅವನ ಅಜ್ಜಿ ಮಾತ್ರ ಆಗಲೇ ಹಿತ್ತಲಿನ ಬಟ್ಟೆಗಳನ್ನು ಒಳಗೆ ತರುತ್ತಿರುತ್ತಾಳೆ.

ಈ ಊರಿನ ನೀರಿನ ಸಂಗತಿಯನ್ನು ಎಲ್ಲ ಓದುಗರೂ ಬಲ್ಲರೆಂದು ನಮಗೆ ಅನ್ನಿಸದು. ಧಾರವಾಡವು ಎರಡು ಕಡಲುಗಳ ನೀರು ಬೇರೆಯಾಗುವ ನೆಲೆ. ಇಲ್ಲಿಯ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಗಂಗಾವಳಿಯೆಂಬ ಹೆಸರಿನಿಂದ ಪಶ್ಚಿಮದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಊರಿನ ಪೂರ್ವದ ಇಳಿಜಾರಿಗೆ ಬಿದ್ದ ನೀರಾದರೋ ತುಪ್ಪರಿಹಳ್ಳವಾಗಿ ಬೆಣ್ಣಿಹಳ್ಳಕ್ಕೆ, ಬೆಣ್ಣಿಹಳ್ಳದಿಂದ ಮಲಪ್ರಭೆಗೆ, ಮಲಪ್ರಭೆಯಿಂದ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ ಬಂಗಾಲ ಉಪಸಾಗರಕ್ಕೆ ನಡೆಯುತ್ತದೆ. ತುಪ್ಪ, ಬೆಣ್ಣೆ ಎಂಬ ಮೃದುವಾದ ಹೆಸರುಗಳನ್ನು ಕೇಳಿ ಯಾರೂ ಮೋಸಹೋಗಬಾರದು. ವರ್ಷದ ಬಹುಭಾಗ ಮೊಣಕಾಲುಮಟ್ಟವೂ ಇರದ ಈ ಹಳ್ಳಗಳು ಒಂದು ರಾತ್ರಿಯ ಮಳೆಗೆ ಎರೆಯ ಹೊಲಗಳನ್ನೆಲ್ಲ ನುಂಗಿ ಹರಿಯುತ್ತವೆ. ಎರೆಮಣ್ಣು ಒಮ್ಮೆ ಹಸಿಯುಂಡು ಉಬ್ಬಿತೆಂದರೆ ಆಮೇಲೆ ಬಿದ್ದ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಿದ್ದದ್ದೆಲ್ಲ ಮೇಲಿಂದಲೇ ಓಡುತ್ತದೆ.

ಮಳೆಗಾಲದಲ್ಲಿ ಧಾರವಾಡದ ಮನೆವಾರ್ತೆಯೆಂಬುದು ಒಂದು ಪ್ರತ್ಯೇಕ ವಿದ್ಯೆ. ರೋಹಿಣಿ ಮುಗಿಯುವ ಮೊದಲೇ ಹಂಚು ಕೈಯಾಡಿಸಬೇಕು. ಒಡೆದವನ್ನು ತೆಗೆದು ಹೊಸವನ್ನು ಕೂಡಿಸಬೇಕು. ಆದರೂ ಆರಿದ್ರಾ ಮಳೆಯಲ್ಲಿ ಎಲ್ಲಿಯೋ ಒಂದು ಕಡೆ ಸೋರಿಯೇ ಸೋರುತ್ತದೆ. ಅದರ ಕೆಳಗೆ ಇಡುವ ಬೋಗುಣಿಗೂ ನಮ್ಮ ಪಡಸಾಲೆಯಲ್ಲಿ ಒಂದು ಖಾಯಂ ಸ್ಥಳವಿದೆ. ಬಟ್ಟೆಗಳು ಮೂರು ದಿನವಾದರೂ ಒಣಗವು. ಶಿಗಡಿಯ ಮೇಲೆ ಬುಟ್ಟಿ ಬೋರಲು ಹಾಕಿ ಕೂಸುಗಳ ಅರಿವೆಗಳನ್ನು ಒಣಗಿಸುತ್ತಿದ್ದ ಪದ್ಧತಿಯನ್ನು ನಮ್ಮ ವಯಸ್ಸಿನವರೆಲ್ಲ ಕಂಡಿದ್ದೇವೆ. ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಪುಸ್ತಕಗಳ ರಟ್ಟಿನ ಮೇಲೆ ಬೂಸಲು ಕೂಡುತ್ತದೆ. ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಆಷಾಢದ ಒಂದು ಬಿಸಿಲು ಕಂಡರೆ ಸಾಕು, ಗುರುಗಳು ಪಾಠ ನಿಲ್ಲಿಸಿ ತಾಡೋಲೆಯ ಕಟ್ಟುಗಳನ್ನು ನೋಡಿಬರಲು ಅಟ್ಟಕ್ಕೆ ಅಟ್ಟುತ್ತಿದ್ದರು. ಓಲೆಗಳನ್ನು ಬಿಸಿಲಿಗೆ ಒಡ್ಡಕೂಡದು, ಗಾಳಿಗೆ ಮಾತ್ರ ಬಿಡಿಸಬೇಕು. ಆ ಕೆಲಸವನ್ನು ವ್ಯಾಕರಣಕ್ಕಿಂತಲೂ ನಾವು ಹೆಚ್ಚು ಶ್ರದ್ಧೆಯಿಂದ ಕಲಿತೆವೆಂದೇ ಹೇಳಬೇಕು.

ಹವೆಯ ಈ ಚಂಚಲತೆ ಮೊದಲು ತಟ್ಟುವುದು ಮನೆಯ ಮುದುಕರಿಗೆ ಮತ್ತು ಮಕ್ಕಳಿಗೆ. ನಮ್ಮ ಮನೆಯವರಿಗೆ ಇಪ್ಪತ್ತು ವರ್ಷಗಳಿಂದ ಉಬ್ಬಸವಿದೆ. ಗೋಡೆಯ ಬೂಸಲು, ಥಂಡಿಗಾಳಿ, ಒಲೆಯ ಹೊಗೆ ಇವು ಮೂರೂ ಕೂಡಿದವೆಂದರೆ ರಾತ್ರಿ ಮೂರರ ಹೊತ್ತಿಗೆ ಎದ್ದು ಕೂಡುತ್ತಾರೆ. ಶುಂಠಿ, ಮೆಣಸು, ಜೀರಿಗೆಯ ಕಷಾಯ ಗಂಟಲಿಗೆ ಹಿತವಾದೀತು. ಆದರೆ ಬಿಗಿದ ಶ್ವಾಸನಾಳವನ್ನು ಸಡಿಲಿಸುವ ಕೆಲಸ ಅದರದಲ್ಲ. ವೈದ್ಯರು ಕೊಟ್ಟ ಇನ್‌ಹೇಲರನ್ನು ಅವರು ಬಹಳ ಕಾಲ ಸೀರೆಯ ಮಡಿಕೆಯಲ್ಲಿ ಬಚ್ಚಿಡುತ್ತಿದ್ದರು. ಅದನ್ನು ಹಿಡಿದರೆ ಚಟವಾಗುತ್ತದೆ, ಅದು ಕೊನೆಗಾಲದವರ ಔಷಧ ಎಂಬ ಮಾತು ನಮ್ಮ ಮನೆತನಗಳಲ್ಲಿ ಇಂದಿಗೂ ಇದೆ. ಇದು ಸುಳ್ಳು. ಗುಳಿಗೆಯು ದೇಹವನ್ನೆಲ್ಲ ಸುತ್ತಿ ಬರುವಲ್ಲಿ ಇದು ಅಲ್ಪಪ್ರಮಾಣದ ಔಷಧವನ್ನು ನೇರವಾಗಿ ಶ್ವಾಸನಾಳಕ್ಕೆ ಮುಟ್ಟಿಸುತ್ತದೆ, ಅಷ್ಟೇ. ಪೂಜೆಯ ವೇಳೆಯ ಊದು, ಲೋಬಾನಗಳ ಹೊಗೆಯನ್ನೂ ನಾವು ಮನೆಯೊಳಗಿಂದ ತೆಗೆದೆವು. ಪೂಜೆಗೇನೂ ಕೊರತೆಯಾಗಲಿಲ್ಲ.

2019ನೆಯ ಇಸವಿಯ ಆಷಾಢವು ಹೀಗೆಯೇ ಕಳೆಯುತ್ತಿತ್ತು. ಆ ವರ್ಷ ನಾಗರಪಂಚಮಿ ಆಗಸ್ಟ್ 5ರಂದು ಬಂದಿತ್ತು. ನಮ್ಮ ಉತ್ತರ ಕರ್ನಾಟಕದಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಯಿಂದ ಅಕ್ಕತಂಗಿಯರನ್ನು ಕರೆತರುವುದು ಅಣ್ಣತಮ್ಮಂದಿರ ಕರ್ತವ್ಯ. ನಮ್ಮ ಅಕ್ಕನನ್ನು ರಾಮದುರ್ಗದ ಕೆಳಗೆ, ಮಲಪ್ರಭೆಯ ದಂಡೆಯ ಒಂದು ಹಳ್ಳಿಗೆ ಕೊಟ್ಟಿದೆ. ಎಪ್ಪತ್ತು ದಾಟಿದ ಜೀವ. ತಾಯಿತಂದೆಗಳು ಹೋದ ಮೇಲೆ ತವರೆಂದರೆ ನಮ್ಮ ಮನೆಯೊಂದೇ. ಆ ವರ್ಷ ತಪ್ಪದೆ ಕರೆತರಬೇಕೆಂದು ನಾವು ಜುಲೈ ಕೊನೆಯ ಶನಿವಾರವನ್ನು ಗೊತ್ತುಮಾಡಿದ್ದೆವು. ಎಳ್ಳುಂಡಿ, ಶೇಂಗಾದುಂಡಿ, ತಂಬಿಟ್ಟುಗಳ ಸಿದ್ಧತೆ ನಡೆದಿತ್ತು. ಹಿತ್ತಲ ಬೇವಿನ ಮರಕ್ಕೆ ಜೋಕಾಲಿಯ ಹಗ್ಗವೂ ಬಂದಿತ್ತು.

ಆ ಶನಿವಾರದ ಹಿಂದಿನ ರಾತ್ರಿ ಮೊಮ್ಮಗನಿಗೆ ಜ್ವರ ಬಂದಿತು. ಡೆಂಗಿಯೆಂಬ ಸಂಶಯ, ರಕ್ತದ ಪರೀಕ್ಷೆ, ದಿನಬಿಟ್ಟು ದಿನ ಪ್ಲೇಟ್ಲೆಟ್ ಎಣಿಕೆ. ನಮ್ಮ ಅವಳಿನಗರಕ್ಕೆ ಮಲಪ್ರಭೆಯ ನೀರು ಅಮ್ಮಿನಭಾವಿಯ ಮೂಲಕ ಬರುತ್ತದೆ. ಅದು ದಿನಾಲೂ ಬಾರದ್ದರಿಂದ ಪ್ರತಿ ಮನೆಯಲ್ಲಿಯೂ ಪೀಪಾಯಿ, ಹಂಡೆ, ಸಿಂಟೆಕ್ಸ್‌ಗಳಲ್ಲಿ ನೀರು ತುಂಬಿಡುವ ರೂಢಿ. ಡೆಂಗಿಯ ಸೊಳ್ಳೆ ಗಟಾರದ್ದಲ್ಲ, ಇಂಥ ತಿಳಿನೀರಿನದು, ಕಚ್ಚುವುದೂ ಹಗಲಿನಲ್ಲಿಯೇ. ಅದರ ತತ್ತಿ ಪೀಪಾಯಿಯ ಗೋಡೆಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದುದರಿಂದ ನೀರು ಚೆಲ್ಲಿದರೆ ಸಾಲದು, ಒಳಮೈಯನ್ನು ತಿಕ್ಕಿ ತೊಳೆಯಬೇಕು. ಜ್ವರ ಇಳಿದೊಡನೆ ಗಂಡಾಂತರ ಕಳೆಯಿತೆಂದು ತಿಳಿಯಬಾರದೆಂದೂ, ಇಳಿದ ನಂತರದ ಒಂದೆರಡು ದಿನಗಳೇ ಕಣ್ಣಲ್ಲಿ ಕಣ್ಣಿಟ್ಟು ಕಾಯುವಂಥವೆಂದೂ, ಪ್ಯಾರಾಸಿಟಮಾಲ್ ಹೊರತು ಆಸ್ಪಿರಿನ್ ಮೊದಲಾದ ನೋವಿನ ಗುಳಿಗೆಗಳನ್ನು ಕೊಡಕೂಡದೆಂದೂ ವೈದ್ಯರು ಎಚ್ಚರಿಸಿದರು. ಮುಂದೆ 2024ರಲ್ಲಿ ರಾಜ್ಯ ಸರಕಾರವು ಈ ಜ್ವರವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಹುಡುಗನು ಆರನೆಯ ದಿನಕ್ಕೆ ಎದ್ದು ಕುಳಿತು ರೊಟ್ಟಿ ಕೇಳಿದನು.

ಅಷ್ಟರಲ್ಲಿ ಆಶ್ಲೇಷಾ ಮಳೆ ಹೂಡಿತ್ತು. ಆಗಸ್ಟ್ 3ರ ಬೆಳಗಿನ ಬಸ್ಸಿಗೆ ನಾವು ಚೀಲ ಕಟ್ಟಿದ್ದೆವು. ನಸುಕಿನಲ್ಲಿ ಮನೆಯವರಿಗೆ ಉಬ್ಬಸ ಏರಿತು. ಎರಡೂ ಕೈಗಳನ್ನು ಮಂಚದ ಅಂಚಿಗೆ ಊರಿ, ಒಂದೊಂದು ಉಸಿರನ್ನೂ ಎಳೆದುಕೊಳ್ಳುತ್ತ, ಮಾತಿನ ನಡುವೆ ನಿಲ್ಲುತ್ತ, "ನನ್ನ ಸಲುವಾಗಿ ನಿಲ್ಲಬ್ಯಾಡ್ರಿ. ಅಕ್ಕಾರು ಹಾದಿ ನೋಡತಿರತಾರ" ಎಂದರು. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾರದವರನ್ನು ಮನೆಯಲ್ಲಿ ಬಿಟ್ಟು ಹೋಗುವುದು ಯಾವ ಹಬ್ಬಕ್ಕೂ ಸಲ್ಲದು. ಮಗನು ಆಟೋ ತಂದನು. ಅಂದು ದವಾಖಾನೆಯಲ್ಲಿ ನೆಬ್ಯುಲೈಜರ್ ಹಚ್ಚಿ ಮಧ್ಯಾಹ್ನಕ್ಕೆ ಮನೆಗೆ ಕಳಿಸಿದರು. ಅಕ್ಕನಿಗೆ ಫೋನು ಮಾಡಿದರೆ ಅವಳು ನಮ್ಮನ್ನೇ ಸಮಾಧಾನಪಡಿಸಿ, ಪಂಚಮಿಯ ಮಾರನೆಯ ದಿನ ಬಂದರಾಯಿತೆಂದಳು. ಅವಳ ಊರಿನಲ್ಲಿ ಅಂದು ಬಿಸಿಲಿತ್ತಂತೆ.

ಮಲಪ್ರಭೆಯ ದಂಡೆಯವರ ಬದುಕಿನ ವಿಚಿತ್ರ ಇದೇ. ಅವರ ತಲೆಯ ಮೇಲೆ ಬೀಳುವ ಮಳೆಗೂ ಅವರ ಅಂಗಳಕ್ಕೆ ಬರುವ ನೀರಿಗೂ ಸಂಬಂಧವಿಲ್ಲ. ನದಿ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚಿನ ಮಳೆ. ಆ ನೀರನ್ನು ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟು ಹಿಡಿದಿಡುತ್ತದೆ. ಅದರ ಪೂರ್ಣಮಟ್ಟ 2079.50 ಅಡಿ, ಸಾಮರ್ಥ್ಯ 37.73 ಟಿಎಂಸಿ. ಎಷ್ಟೋ ವರ್ಷ ಅದು ತುಂಬದೆಯೇ ಹೋಗುವುದರಿಂದ ಕೆಳಗಿನವರು ನದಿಯನ್ನು ಮರೆತೇ ಬಿಡುತ್ತಾರೆ. ಪಾತ್ರದೊಳಕ್ಕೆ ಕಬ್ಬು ಇಳಿಯುತ್ತದೆ, ನದಿ ಓಣಿಯಂತೆ ಕಿರಿದಾಗುತ್ತದೆ. ಆ ವಾರ ಕಣಕುಂಬಿಯಲ್ಲಿ ಸುರಿದದ್ದು ಅಣೆಕಟ್ಟನ್ನು ತುಂಬಿಸಿತು, ಬಾಗಿಲುಗಳನ್ನು ತೆರೆಯಬೇಕಾಯಿತು. ಪಂಚಮಿ ಕಳೆದು ಮೂರು ದಿನಗಳಾಗುವಷ್ಟರಲ್ಲಿ ಧಾರವಾಡದಲ್ಲಿ ಹೊರಗೆ ಕಾಲಿಡಲಾಗದ ಮಳೆ. ಸವದತ್ತಿಯ ಹಾದಿಯನ್ನು ತುಪ್ಪರಿಹಳ್ಳ ಕಟ್ಟಿತ್ತು. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿ ಕೊಣ್ಣೂರಿನ ಬಳಿ ಮಲಪ್ರಭೆಯ ಕೆಳಗಿತ್ತು. ಪಟ್ಟದಕಲ್ಲಿನ ಗುಡಿಗಳ ಆವರಣದಲ್ಲಿ ನೀರು ನಿಂತ ಚಿತ್ರವನ್ನು ಟಿವಿಯಲ್ಲಿ ಓದುಗರೂ ಆಗ ನೋಡಿರಬಹುದು. ನಾಡಿನ ಶಿಲ್ಪಸಂಪತ್ತಿಗಾಗಿ ನಾವು ಮರುಗಬೇಕಾದ ಹೊತ್ತು ಅದು. ನಮ್ಮ ಕಣ್ಣು ಮಾತ್ರ ಆ ಚಿತ್ರಗಳ ಅಂಚಿನಲ್ಲಿ ನಮಗೆ ಪರಿಚಿತವಾದ ಒಂದು ಅಗಸಿಯನ್ನು ಹುಡುಕುತ್ತಿತ್ತು.

ಎರಡು ದಿನ ಫೋನು ಹತ್ತಲಿಲ್ಲ. ಮೂರನೆಯ ದಿನ ಸಂಜೆ ಯಾರದೋ ಮೊಬೈಲಿನಿಂದ ಅಕ್ಕನ ಧ್ವನಿ ಕೇಳಿಸಿತು. "ತಮ್ಮಾ, ನೀರು ಅಗಸಿ ದಾಟಿ ಒಳಗ ಬಂದೈತಿ. ನಾವು ಮ್ಯಾಲಿನ ಮನೀಗೆ ಬಂದೇವಿ, ದನಾನೂ ಹೊಡಕೊಂಡು ಬಂದೇವಿ. ನೀ ಬರಬ್ಯಾಡ. ಅಕೀ ದಮ್ಮು ಹೆಂಗೈತಿ?"

ಮೇಲಿನ ಮನೆಯೆಂದರೆ ಆಸರೆಯ ಮನೆ. 2009ರ ನೆರೆಯ ನಂತರ ಸರಕಾರವು ನದಿದಂಡೆಯ ಹಳ್ಳಿಗಳಿಗಾಗಿ ಎತ್ತರದ ನೆಲದಲ್ಲಿ ಆಸರೆಯೆಂಬ ಯೋಜನೆಯಲ್ಲಿ ಮನೆಗಳನ್ನು ಕಟ್ಟಿಸಿತು. ಬಹಳ ಕಡೆ ಜನ ಅಲ್ಲಿಗೆ ಹೋಗಿ ನೆಲೆಸಲಿಲ್ಲ. ಇದನ್ನು ಪೇಟೆಯವರು ಹಳ್ಳಿಗರ ಹಟವೆಂದು ಹಗುರವಾಗಿ ಆಡಿಕೊಳ್ಳುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಒಕ್ಕಲುತನದ ಮನೆಗೆ ದನ ಕಟ್ಟಲು ಹಕ್ಕಿ ಬೇಕು, ಹಗೇವು ಬೇಕು, ಬಣವೆಗೆ ಹಿತ್ತಲು ಬೇಕು, ಹೊಲ ಹತ್ತಿರವಿರಬೇಕು. ಎರಡು ಕೋಣೆಯ ಮನೆಯಲ್ಲಿ ಇವಾವುವೂ ಇಲ್ಲ. ಹೀಗಾಗಿ ಅಕ್ಕನ ಪಾಲಿಗೆ ಬಂದ ಮನೆಯೂ ಹತ್ತು ವರ್ಷ ಹೊಟ್ಟು, ಮೇವು ತುಂಬುವ ಜಾಗವಾಗಿತ್ತು. ಆ ವಾರ ಹೊಟ್ಟನ್ನು ಒಂದು ಕಡೆ ಸರಿಸಿ ಹನ್ನೊಂದು ಜನ ಅದರಲ್ಲಿ ಮಲಗಿದರಂತೆ.

ನೀರು ಇಳಿದ ಮೇಲೆ ಅಳಿಯನು ಹೋಗಿ ನೋಡಿದರೆ ಹಳೆಯ ಮನೆಯ ಹಿಂದಿನ ಎರಡು ಗೋಡೆಗಳು ಕುಳಿತಿದ್ದವು. ಮೇಲ್ಮುದ್ದೆಯ ಮನೆಗಳ ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗ ಬೀಳುವುದಕ್ಕಿಂತಲೂ ನೀರು ಇಳಿದು ಬಿಸಿಲು ಬಿದ್ದಾಗ ಬೀಳುವುದೇ ಹೆಚ್ಚು. ಅಳಿಯನು ಇದನ್ನು ಬಲ್ಲವನಾದ್ದರಿಂದ ಯಾರನ್ನೂ ಒಳಗೆ ಬಿಡಲಿಲ್ಲ. ಜೋಳದ ಹಗೇವು ನೀರು ಕುಡಿದು ಕೊಳೆತಿತ್ತು. ಅಕ್ಕನ ಮದುವೆಯಲ್ಲಿ ನಮ್ಮ ತಾಯಿ ಕೊಟ್ಟಿದ್ದ ತಾಮ್ರದ ಹಂಡೆಯೊಂದು ಕೆಸರಿನಲ್ಲಿ ಸಿಕ್ಕಿತು.

ಆಗಸ್ಟ್ ಕೊನೆಯ ವಾರದಲ್ಲಿ ಹಾದಿ ತೆರೆದು, ಮನೆಯವರ ಉಸಿರೂ ತಿಳಿಯಾದ ಮೇಲೆ ಅಳಿಯನೇ ಅಕ್ಕನನ್ನು ಕರೆತಂದನು. ಪಂಚಮಿ ಎಂದೋ ಮುಗಿದಿತ್ತು. ಮನೆಯವರು ಡಬ್ಬಿಯಲ್ಲಿ ತೆಗೆದಿಟ್ಟಿದ್ದ ಉಂಡಿಗಳು ಹಸಿಗೆ ಮೆತ್ತಗಾಗಿದ್ದವು. ಅವನ್ನು ಬದಿಗಿಟ್ಟು ಮತ್ತೆ ಶೇಂಗಾ ಹುರಿದರು. ಅತ್ತಿಗೆ ನಾದಿನಿಯರಿಬ್ಬರೂ ಅಡಿಗೆಮನೆಯಲ್ಲಿ ಕುಳಿತು ಬೆಲ್ಲ ಕುಟ್ಟುತ್ತ, ಒಬ್ಬರು ದಮ್ಮಿನ ಕಥೆಯನ್ನೂ ಒಬ್ಬರು ನೀರಿನ ಕಥೆಯನ್ನೂ ಹೇಳಿಕೊಂಡದ್ದನ್ನು ಪಡಸಾಲೆಯಲ್ಲಿದ್ದ ನಾವು ಕೇಳಿದೆವು. ಅಕ್ಕನು ಅತ್ತದ್ದು ಮನೆಗಾಗಿ ಅಲ್ಲ, ಕೊಳೆತುಹೋದ ಬೀಜದ ಜೋಳಕ್ಕಾಗಿ.

ಈಗ ಅವಳು ಮಳೆಗಾಲದ ನಾಲ್ಕು ತಿಂಗಳು ನಮ್ಮಲ್ಲಿಯೇ ಇರುತ್ತಾಳೆ. ಸುಗ್ಗಿಗೆ ಊರಿಗೆ ಹೋಗುತ್ತಾಳೆ. ಪಂಚಮಿಗೆ ಕರೆಯಲು ಹೋಗುವ ಪ್ರಮೇಯವೇ ಉಳಿದಿಲ್ಲ. ಓದು ಬಾರದ ಅವಳಿಗೆ ಮೊಮ್ಮಗನು ದಿನಾಲೂ ಬೆಳಿಗ್ಗೆ ಪತ್ರಿಕೆಯಲ್ಲಿಯ ಜಲಾಶಯಗಳ ಮಟ್ಟವನ್ನು ಓದಿ ಹೇಳಬೇಕು. ಆಲಮಟ್ಟಿ, ತುಂಗಭದ್ರೆಗಳ ಅಂಕಿ ಅವಳಿಗೆ ಬೇಡ. ನವಿಲುತೀರ್ಥದ್ದು 2070 ಅಡಿ ದಾಟಿತೆಂದರೆ ಚಹದ ಬಟ್ಟಲನ್ನು ಕೆಳಗಿಟ್ಟು, ಅಳಿಯನಿಗೆ ಫೋನು ಹಚ್ಚಲು ಹೇಳುತ್ತಾಳೆ. ಹೊಟ್ಟು ತೆಗೆದು ಮೇಲಿನ ಮನೆಯನ್ನು ಗುಡಿಸಿದ್ದಾನೋ ಇಲ್ಲವೋ ಎಂಬುದು ಅವಳ ಮೊದಲ ಪ್ರಶ್ನೆ.