ಟ್ಯೂನಿಸ್ ನಗರದಲ್ಲಿ ಮೊದಲ ದಿನ

ಉತ್ತರ ಕನ್ನಡದ ಹೊನ್ನಾವರವು ಆರುನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಂದು ಅರಬ್ಬೀ ಪ್ರವಾಸಗ್ರಂಥದಲ್ಲಿ ಸ್ಥಾನ ಪಡೆದಿದೆ. ಆ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದು ಮೆಚ್ಚಿ ಬರೆಯಿಸಿದವನು ಮೊರಾಕೊ ದೇಶದ ಇಬ್ನ್ ಬತೂತ. ದಿಲ್ಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಕೈಕೆಳಗೆ ನ್ಯಾಯಾಧೀಶನಾಗಿ, ಮಾಲ್ದೀವಿನಲ್ಲಿಯೂ ಅದೇ ಪದವಿಯನ್ನು ನಿರ್ವಹಿಸಿ, ಚೀಣಾದವರೆಗೂ ಹೋಗಿಬಂದೆನೆಂದ ಈ ಮಹಾಶಯನು ಕ್ರಮಿಸಿದ ದಾರಿ ಒಂದು ಲಕ್ಷ ಕಿಲೋಮೀಟರಿಗೂ ಮಿಗಿಲೆಂದು ಅಂದಾಜು. ಅಂಥವನು ತನ್ನ ಮೊದಲ ಯಾತ್ರೆಯಲ್ಲಿ ಟ್ಯೂನಿಸ್ ನಗರವನ್ನು ತಲುಪಿದ ದಿನ, ಊರ ಹೊರಗೆ ನಿಂತು ಬಿಕ್ಕಿಬಿಕ್ಕಿ ಅತ್ತನೆಂದರೆ ನಂಬುವುದು ಕಷ್ಟ. ಹಾಗೆಂದು ಹೇಳಿರುವವನು ಬೇರಾರೂ ಅಲ್ಲ, ಆತನೇ!

1325ನೆಯ ಇಸವಿ ಜೂನ್ 14ರಂದು ಇಬ್ನ್ ಬತೂತನು ಹುಟ್ಟೂರಾದ ಟ್ಯಾಂಜಿಯರನ್ನು ಬಿಟ್ಟನು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಮೆಕ್ಕೆಯ ಯಾತ್ರೆಗೆಂದು ಹೊರಟವನಿಗೆ ಜೊತೆಗಾರರಿರಲಿಲ್ಲ. ಸೇರಿಕೊಳ್ಳಲು ಯಾತ್ರಿಕರ ತಂಡವೂ ಸಿಕ್ಕಿರಲಿಲ್ಲ. ತಂದೆತಾಯಿಗಳಿಬ್ಬರೂ ಬದುಕಿದ್ದರು, ಅವರನ್ನಗಲಿದ ದುಃಖ ಆ ಮೂವರಿಗೂ ಸಮವಾಗಿತ್ತು. ದಾರಿಯಲ್ಲಿ ಟ್ಯೂನಿಸಿನ ಸುಲ್ತಾನನ ದೂತರಿಬ್ಬರು ಸಿಕ್ಕಿದರು. ಬೇಸಗೆಯ ಬೇಗೆಗೆ ಇಬ್ಬರೂ ಕಾಯಿಲೆ ಬಿದ್ದು, ಅವರಲ್ಲೊಬ್ಬನು ತೀರಿಕೊಂಡನು. ಬತೂತನು ಟ್ಯೂನಿಸಿನ ವರ್ತಕರನ್ನು ಕೂಡಿಕೊಂಡು ಮುಂದೆ ನಡೆದನು.

ಬಿಜಾಯ ಪಟ್ಟಣದಲ್ಲಿ ಅವನಿಗೂ ಜ್ವರ ಬಂದಿತು. ಗುಣವಾಗುವ ತನಕ ನಿಲ್ಲೆಂದು ಹಿತೈಷಿಗಳು ಹೇಳಿದರು. ಸಾಯುವುದೇ ಹಣೆಯಲ್ಲಿದ್ದರೆ ಮೆಕ್ಕೆಯ ದಾರಿಯಲ್ಲಿಯೇ ಸಾಯುವೆನೆಂದು ಹುಡುಗನು ಹಟ ಹಿಡಿದನು. ಹಾಗಾದರೆ ಕತ್ತೆಯನ್ನೂ ಭಾರದ ಗಂಟುಮೂಟೆಗಳನ್ನೂ ಮಾರಿಬಿಡು, ಸವಾರಿಯನ್ನೂ ಗುಡಾರವನ್ನೂ ನಾವು ಎರವಲು ಕೊಡುತ್ತೇವೆ, ಎಂದಿತು ಎದುರಿನ ಪಕ್ಷ. ಕಾನ್‌ಸ್ಟಂಟೈನ್ ನಗರದ ಹೊರಗೆ ರಾತ್ರಿ ಜಡಿಮಳೆ ಹೊಡೆದು ಗುಡಾರ ಬಿಟ್ಟು ಓಡಬೇಕಾಯಿತು. ಮರುದಿನ ಅವನ ಕೊಳಕಾದ ಬಟ್ಟೆಗಳನ್ನು ನೋಡಿ ಅಲ್ಲಿಯ ಅಧಿಕಾರಿಯು ಅವುಗಳನ್ನು ಒಗೆಯಿಸಿ, ಜೀರ್ಣವಾಗಿದ್ದ ಹೊದಿಕೆಗೆ ಬದಲು ಹೊಸದೊಂದನ್ನು ಕೊಟ್ಟನು. ಅದರ ತುದಿಯ ಗಂಟಿನಲ್ಲಿ ಎರಡು ಚಿನ್ನದ ದೀನಾರುಗಳಿದ್ದವು! ಪ್ರವಾಸದಲ್ಲಿ ಅವನಿಗೆ ದೊರೆತ ಮೊದಲ ದಾನ ಅದು.

ಕೊನೆಯ ಹಾದಿಯಲ್ಲಿ ದರೋಡೆಕೋರರ ಭಯ. ಜ್ವರ ಮತ್ತೆ ಏರಿತ್ತು, ಕೆಳಗಿಳಿದು ವಿಶ್ರಮಿಸುವಂತಿರಲಿಲ್ಲ. ಬಿದ್ದುಹೋಗದಂತೆ ತಲೆಯ ರುಮಾಲನ್ನು ಬಿಚ್ಚಿ ತನ್ನನ್ನು ತಾನೇ ಜೀನಿಗೆ ಬಿಗಿದುಕೊಂಡು ಬತೂತನು ಟ್ಯೂನಿಸಿಗೆ ಬಂದನು.

ಕಡಲಿಗೂ ಊರಿಗೂ ನಡುವೆ ಅಗಲವಾದ ಸರೋವರವುಳ್ಳ ಟ್ಯೂನಿಸ್ ಆಗ ಹಫ್ಸಿ ಸುಲ್ತಾನರ ರಾಜಧಾನಿ. ಊರ ನಡುವೆ ಜೈತೂನ ಮಸೀದಿ. ಅದರ ಕಂಬಗಳಲ್ಲಿ ಎಷ್ಟೋ ಸಮೀಪದ ಕಾರ್ತೇಜಿನ ಹಾಳುಬಿದ್ದ ಕಟ್ಟಡಗಳಿಂದ ತಂದವು. ಮಸೀದಿಯ ಮಗ್ಗುಲಲ್ಲೇ ಸುಗಂಧದ ಅಂಗಡಿಬೀದಿ. ಚರ್ಮ ಹದಮಾಡುವವರೂ ಬಣ್ಣಗಾರರೂ ದೂರದ ಅಂಚಿನಲ್ಲಿ. ನಾತಕ್ಕೂ ಪರಿಮಳಕ್ಕೂ ಬೇರೆ ಬೇರೆ ತಾವು ಗೊತ್ತುಮಾಡಿದ ಜಾಣ ಊರು! ಈ ಹಳೆಯ ನಗರಭಾಗವನ್ನು 1979ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಆ ದಿನ ಬತೂತನಿಗೆ ಇದಾವುದೂ ಕಾಣಲಿಲ್ಲ. ತಂಡ ಬರುತ್ತಿರುವ ಸುದ್ದಿ ತಿಳಿದು ಊರವರು ಎದುರುಗೊಳ್ಳಲು ಹೊರಗೆ ಬಂದಿದ್ದರು. ಎಲ್ಲೆಲ್ಲೂ ಸಲಾಮು, ಕುಶಲಪ್ರಶ್ನೆ. ಒಬ್ಬನ ಬಳಿಯಿಂದ ಇನ್ನೊಬ್ಬನ ಬಳಿಗೆ ಹೋಗಿ ಅವರು ಬಂದವರನ್ನು ಮಾತನಾಡಿಸಿದರು. ಇವನನ್ನು ಮಾತನಾಡಿಸಿದವರು ಒಬ್ಬರೂ ಇಲ್ಲ. ಅವರಾಡುವ ಅರಬ್ಬಿ ಇವನಿಗೆ ತಿಳಿಯುತ್ತಿತ್ತು. ಅವರ ಮತವೇ ಇವನದೂ ಆಗಿತ್ತು. ಮಾತು ಬಾರದ ಕಡೆ ಮೂಕನಾಗಿ ನಿಂತರೆ ಭಾಷೆಯ ಮೇಲೆ ತಪ್ಪು ಹೊರಿಸಬಹುದು. ಪ್ರತಿಯೊಂದು ಮಾತೂ ಅರ್ಥವಾಗುತ್ತ, ಅವುಗಳಲ್ಲಿ ಒಂದೂ ತನಗಾಗಿ ಅಲ್ಲವೆಂದು ತಿಳಿಯುವ ಸಂಕಟ ಬೇರೆ ತೆರದ್ದು. ತಿಂಗಳುಗಟ್ಟಲೆ ಬಿಸಿಲು, ಮಳೆ, ಜ್ವರಗಳಿಗೆ ಬಗ್ಗದಿದ್ದ ತರುಣನು ಇಲ್ಲಿ ಕಣ್ಣೀರನ್ನು ತಡೆಯದಾದನು.

ಯಾತ್ರಿಕರಲ್ಲೊಬ್ಬನು ಇದನ್ನು ಕಂಡನು. ಅಳುವಿಗೆ ಕಾರಣವೇನೆಂಬುದೂ ಅವನಿಗೆ ಹೊಳೆಯಿತು. ಹತ್ತಿರ ಬಂದು ಸಲಾಮು ಹೇಳಿ, ಸ್ನೇಹದಿಂದ ಮಾತಿಗೆಳೆದು, ಊರೊಳಗೆ ಸೇರುವ ತನಕ ಬಿಡದೆ ಜೊತೆಗೆ ನಡೆದನು. ಅವನು ಹಣ ಕೊಡಲಿಲ್ಲ, ಮನೆಗೆ ಕರೆದೊಯ್ದನೆಂದೂ ಇಲ್ಲ, ಮಾತನಾಡಿಸಿದನು, ಅಷ್ಟೇ. ಆ ರಾತ್ರಿ ಬತೂತನಿಗೆ ತಂಗಲು ಪುಸ್ತಕ ವ್ಯಾಪಾರಿಗಳ ಹೆಸರಿನ ಮದರಸದಲ್ಲಿ ಜಾಗ ದೊರೆಯಿತು.

ಬತೂತನ ಕಥೆಗಳನ್ನು ಆಸ್ಥಾನದಲ್ಲಿ ಎಷ್ಟೋ ಮಂದಿ ನಂಬುತ್ತಿರಲಿಲ್ಲವೆಂದು ಇತಿಹಾಸಕಾರ ಇಬ್ನ್ ಖಲ್ದೂನನು ಬರೆದಿದ್ದಾನೆ. (ಖಲ್ದೂನನು ಹುಟ್ಟಿದ್ದು ಇದೇ ಟ್ಯೂನಿಸಿನಲ್ಲಿ, 1332ರಲ್ಲಿ.) ದೂರದೇಶದ ವೈಭವಗಳಿಗೆ ಬಣ್ಣ ಕಟ್ಟಿದ್ದರೂ ಕಟ್ಟಿರಬಹುದು. ತಾನು ಅತ್ತೆನೆಂದು ಸುಳ್ಳು ಹೇಳಿ ಆತನು ಗಳಿಸುವುದಾದರೂ ಏನಿತ್ತು?

ರಂಜಾನ್ ಹಬ್ಬ ಟ್ಯೂನಿಸಿನಲ್ಲೇ ಕಳೆಯಿತು. ಅನಂತರ ಮೆಕ್ಕೆಯತ್ತ ಹೊರಟ ತಂಡಕ್ಕೆ ಒಬ್ಬ ನ್ಯಾಯಾಧೀಶನು ಬೇಕಾಗಿ, ಆ ಪದವಿಗೆ ಆರಿಸಿದ್ದು ಈ ಹುಡುಗನನ್ನೇ! ಸ್ಫಾಕ್ಸ್ ಪಟ್ಟಣದಲ್ಲಿ ಟ್ಯೂನಿಸಿನವನೊಬ್ಬನ ಮಗಳೊಡನೆ ಅವನಿಗೆ ಮದುವೆಯೂ ನಿಶ್ಚಯವಾಯಿತು. ಮುಂದೆ ಮಾವನೊಡನೆ ಜಗಳವಾಗಿ ಸಂಬಂಧ ಮುರಿಯಿತು, ಆ ಮಾತು ಬೇರೆ.

ಸುಮಾರು ಮೂವತ್ತು ವರ್ಷಗಳ ಮೇಲೆ, ಫೇಸ್ ನಗರದಲ್ಲಿ ಬತೂತನು ತನ್ನ ಪ್ರವಾಸವನ್ನು ಹೇಳಿ ಬರೆಯಿಸಿದನು. ಬರೆದವನು ಇಬ್ನ್ ಜುಜಯ್ ಎಂಬ ವಿದ್ವಾಂಸ. 1355ರಲ್ಲಿ ಮುಗಿದ ಆ ಗ್ರಂಥದಲ್ಲಿ ಊರೂರಿನ ದೊರೆಗಳು, ಪಂಡಿತರು, ಸಂತರು ಹೆಸರು ಹೆಸರಾಗಿ ಬರುತ್ತಾರೆ. ಟ್ಯೂನಿಸಿನ ಹೊರಗೆ ಅವನನ್ನು ಮಾತನಾಡಿಸಿದವನ ಹೆಸರು ಮಾತ್ರ ಅದರಲ್ಲಿಲ್ಲ, ಯಾತ್ರಿಕರಲ್ಲೊಬ್ಬನೆಂದಷ್ಟೇ ಇದೆ.