ನೀಲಗಿರಿಯ ಚಿಟ್ಟೆಗಳು

ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಉದಕಮಂಡಲವನ್ನು ಕಾಣದವರು ವಿರಳ. ಕೆರೆಯಲ್ಲಿ ದೋಣಿ, ಸಸ್ಯೋದ್ಯಾನದಲ್ಲಿ ಹೂ, ದೊಡ್ಡಬೆಟ್ಟದ ತುದಿಯಲ್ಲಿ ಮಂಜು, ಇಷ್ಟಾದರೆ ಪ್ರವಾಸ ಮುಗಿಯಿತೆಂದು ಎಲ್ಲರ ಎಣಿಕೆ. ಈ ಸಲ ನಾವು ನೋಡಹೊರಟದ್ದು ಬೇರೊಂದನ್ನು. ಅದಕ್ಕೆ ಟಿಕೇಟಿಲ್ಲ, ಸಾಲಿನಲ್ಲಿ ಕಾಯುವ ಕಷ್ಟವೂ ಇಲ್ಲ. ಅದೇ ಚಿಟ್ಟೆ.

ನೀಲಗಿರಿಯಲ್ಲಿ ಸುಮಾರು 300 ಬಗೆಯ ಚಿಟ್ಟೆಗಳಿವೆ. ಅವೆಲ್ಲ ಒಂದೇ ಕಡೆ ಕಾಣಸಿಗುವುದಿಲ್ಲ. ಕೆಳಗಿನ ಮೆಟ್ಟುಪಾಳಯದಿಂದ 2,637 ಮೀಟರ್ ಎತ್ತರದ ದೊಡ್ಡಬೆಟ್ಟದವರೆಗೆ ಈ ಮಲೆ ಒಂದು ಉಪ್ಪರಿಗೆಯ ಮನೆಯಂತಿದೆ, ಅಂತಸ್ತಿಗೊಂದು ಸಂಸಾರ.

ತಪ್ಪಲಿನ ಕುರುಚಲು ಕಾಡಿನಲ್ಲಿ ನಿಂಬೆ ಚಿಟ್ಟೆ ಸಿಕ್ಕಿತು. ನಿಂಬೆ, ಕರಿಬೇವಿನ ಎಲೆ ತಿಂದು ಬೆಳೆಯುವ ಇದು ನಮ್ಮ ಹಿತ್ತಿಲಿಗೂ ಬರುವ ಹಳೆಯ ನೆಂಟ. ಕಲ್ಲಾರು ದಾಟಿ ಘಟ್ಟ ಹತ್ತತೊಡಗಿದಂತೆ ಕಾಡು ದಟ್ಟವಾಯಿತು. ಹಳ್ಳದಂಚಿನ ಹಸಿ ಮರಳಿನ ಮೇಲೆ ನೀಲಿಹಸುರು ಪಟ್ಟೆಯ ಚಿಟ್ಟೆಗಳು ರೆಕ್ಕೆ ಮಡಿಸಿ ಪಂಕ್ತಿಗೆ ಕುಳಿತಂತೆ ಕುಳಿತಿದ್ದವು. ಬಾಯಾರಿಕೆಯೇ ಎಂದು ಮಕ್ಕಳು ಕೇಳಿದರು. ನೀರಿಗಿಂತ ಹೆಚ್ಚಾಗಿ ಅದರಲ್ಲಿ ಕರಗಿದ ಉಪ್ಪಿಗಾಗಿ ಅವು ಬರುತ್ತವೆ. ಹೀಗೆ ನೆರೆಯುವವು ಬಹುಪಾಲು ಗಂಡುಗಳೇ. ತಲೆಯ ಮೇಲೆ ಕಪ್ಪು ಹೊನ್ನಿನ ಬಣ್ಣದ ಸದರ್ನ್ ಬರ್ಡ್‌ವಿಂಗ್ ಹಕ್ಕಿಯ ಗಾಂಭೀರ್ಯದಿಂದ ತೇಲಿತು. ಇದು ನಮ್ಮ ಕರ್ನಾಟಕದ ರಾಜ್ಯಚಿಟ್ಟೆ. ಈಶ್ವರಿ ಬಳ್ಳಿಯ ಜಾತಿಯ ಗಿಡಬಳ್ಳಿಗಳಿಲ್ಲದಿದ್ದರೆ ಇದರ ಮರಿಗೆ ಬದುಕಿಲ್ಲ.

ಕೂನೂರಿನ ಸುತ್ತ ಚಹಾ ತೋಟ. ಕಣ್ಣಿಗೆ ತಂಪೇನೋ ಹೌದು. ಆದರೆ ಚಿಟ್ಟೆಯ ಮರಿ ಮೇಯುವ ಗಿಡಗಳು ಅಲ್ಲಿ ಅಪರೂಪ. ಇನ್ನೂ ಮೇಲೆ, ಕಣಿವೆಯ ಮಡಿಲಲ್ಲಿ ಅಡಗಿದ ಶೋಲಾ ಕಾಡಿನ ನೆರಳಿನಲ್ಲಿ ಮತ್ತೆ ಜೀವ ಕಂಡಿತು. ಮುಟ್ಟಿದರೆ ಮೈ ಉರಿಸುವ ತುರಚೆ ಗಿಡವೇ ಅಲ್ಲಿ ಕೆಂಪು ಪಟ್ಟೆಯ ರೆಡ್ ಅಡ್ಮಿರಲ್ ಚಿಟ್ಟೆಯ ತೊಟ್ಟಿಲು!

ಕೊನೆಯ ಅಂತಸ್ತು ಹುಲ್ಲುಗಾವಲು. ಅವಲಾಂಚಿಯ ಕಡೆ, ಬಿಸಿಲು ಬಿದ್ದೊಡನೆ, ಕಪ್ಪಂಚಿನ ಪುಟ್ಟ ಹಳದಿ ಚಿಟ್ಟೆಯೊಂದು ಹುಲ್ಲಿನ ಮೇಲೆಯೇ ಹಾರಿಹೋಯಿತು. ನೀಲಗಿರಿ ಕ್ಲೌಡೆಡ್ ಯೆಲ್ಲೊ ಎಂದು ಅದರ ಹೆಸರು. ಇದರ ದಾಯಾದಿಗಳು ಹಿಮಾಲಯದಲ್ಲಿದ್ದಾರೆ. ನಡುವೆ ಸಾವಿರಕ್ಕೂ ಹೆಚ್ಚು ಮೈಲಿ ಸುಡುವ ಬಯಲು. ದಕ್ಷಿಣದ ಎತ್ತರದ ಮಲೆಗಳನ್ನು ಬಿಟ್ಟರೆ ಇದಕ್ಕೆ ಜಗತ್ತಿನಲ್ಲಿ ಬೇರೆ ಮನೆಯಿಲ್ಲ.

ಆ ಹುಲ್ಲನ್ನು ಬರಿಯ ಬೀಳೆಂದು ಬಗೆದು 19ನೇ ಶತಮಾನದಿಂದ ಆಸ್ಟ್ರೇಲಿಯದ ಮರಗಳನ್ನು ನೆಟ್ಟರು. ನಾವು ನೀಲಗಿರಿ ಮರವೆಂದು ಕರೆಯುವುದೂ ನೀಲಗಿರಿಗೆ ಹೊರಗಿನದೇ! ಅದಕ್ಕಿಂತ ಹಟಮಾರಿ ವಾಟಲ್. ನೆಡದೆಯೇ ಹಬ್ಬಿ ಹುಲ್ಲನ್ನು ನುಂಗುತ್ತಿದೆ. ಕೆಲವೆಡೆ ಅದನ್ನು ತೆಗೆದು ಹುಲ್ಲು ಬೆಳೆಸುವ ಕೆಲಸ ನಡೆದಿರುವುದು ಸಮಾಧಾನದ ಸಂಗತಿ. ಕೆಳಗೆ ಸೆಕೆ ಹೆಚ್ಚಿದರೆ ತಪ್ಪಲಿನ ಚಿಟ್ಟೆ ಒಂದು ಅಂತಸ್ತು ಮೇಲೇರಬಹುದು. ಮಾಳಿಗೆಯಲ್ಲೇ ಇರುವುದು ಎಲ್ಲಿಗೆ ಹೋದೀತು?

ಬಾಂಧವರು ಮುಂದಿನ ಸಲ ಹೋದಾಗ ಬಿಸಿಲೇರುವ ಹೊತ್ತಿಗೆ ಒಂದು ಗಂಟೆ ಹುಲ್ಲುಗಾವಲಿನ ಅಂಚಿನಲ್ಲಿ ನಿಲ್ಲಲಿ, ಮಕ್ಕಳನ್ನೂ ನಿಲ್ಲಿಸಲಿ. ಹಿಡಿಯುವುದು ಬೇಡ, ನೋಡಿದರೆ ಸಾಕು.